ಎಂಐಟಿ ಇಂಟರ್‌ವ್ಯೂಗೆ ಬರೋ ಮಕ್ಕಳ ಹತ್ರ ನಾನೇ ಪಾಠ ಹೇಳಿಸ್ಕೊಳ್ತೀನಿ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸೌತ್ ಬೇ (ಸ್ಯಾನ್ ಹೊಸೆ ಸುತ್ತಮುತ್ತ) ಕಡೆ ಎಂಐಟಿ ಯೂನಿವರ್ಸಿಟಿಗೆ ಅಪ್ಲೈ ಮಾಡೋ ಮಕ್ಕಳನ್ನ ಇಂಟರ್‌ವ್ಯೂ ಮಾಡೋಕೆ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು. ಇ.ಸಿ. (ಎಜುಕೇಷನಲ್ ಕೌನ್ಸೆಲರ್, ಅಂದ್ರೆ ಎಂಐಟಿ ಪರವಾಗಿ ಇಂಟರ್‌ವ್ಯೂ ಮಾಡೋ ಹಳೇ ವಿದ್ಯಾರ್ಥಿ) ಆಗೋದು ಹೆಂಗೆ, ಪೋರ್ಟಲ್ಲಲ್ಲಿ ರಿಪೋರ್ಟ್ ಹಾಕೋದು ಹೆಂಗೆ, ಅದೆಲ್ಲ ನಿಮಗೆ ಗೊತ್ತಿರುತ್ತೆ ಬಿಡಿ. ನನ್ನ ಮೆಥಡ್ ಕೇಳಿ ನಕ್ಕಿದ್ದ ಸೀನಿಯರ್ ಒಬ್ರು ಹೋದ ಸೀಸನ್ನಿಂದ ಅದನ್ನೇ ಮಾಡ್ತಿದಾರೆ ಅಂತ ಗೊತ್ತಾಯ್ತು, ಅದಕ್ಕೇ ಬರೀತಿದೀನಿ.

ಕುಪರ್ಟಿನೊ, ಫ್ರೀಮಾಂಟ್ ಮಕ್ಕಳನ್ನ ನೋಡಿದವರಿಗೆ ನನ್ನ ಕಷ್ಟ ಅರ್ಥ ಆಗುತ್ತೆ. "ಕಷ್ಟ ಆಗಿದ್ದು ಏನಾದ್ರೂ ಹೇಳಮ್ಮ" ಅಂದ್ರೆ ಸಾಕು, ರೊಬೊಟಿಕ್ಸ್ ಟೀಮು, ಕಾಂಪಿಟಿಷನ್ ಹಿಂದಿನ ರಾತ್ರಿ ಮೋಟರ್ ಕೈ ಕೊಟ್ಟಿದ್ದು, ಕೊನೆಗೆ ಎಲ್ರೂ ಸೇರಿ ಸರಿ ಮಾಡಿದ್ದು, ಮಗ್ಗಿ ಒಪ್ಪಿಸಿದ ಹಾಗೆ ಬರುತ್ತೆ. ಸಾವಿರಾರು ಡಾಲರ್ ಇಸ್ಕೊಂಡು ಅಡ್ಮಿಷನ್ ಕನ್ಸಲ್ಟೆಂಟ್‌ಗಳು ಹೇಳಿಕೊಟ್ಟಿರ್ತಾರೆ, ಮಕ್ಕಳನ್ನ ಬೈದು ಏನು ಪ್ರಯೋಜನ. ಆದ್ರೆ ರಾತ್ರಿ ರಿಪೋರ್ಟ್ ಬರೆಯೋಕೆ ಕೂತ್ರೆ ಶನಿವಾರ ನೋಡಿದವನು ಯಾರು ಭಾನುವಾರ ನೋಡಿದವನು ಯಾರು ಅಂತಾನೇ ತಿಳೀತಿರ್ಲಿಲ್ಲ, ಎಲ್ರಿಗೂ ಬ್ರೈಟು, ಹಂಬಲ್ಲು, ಪ್ಯಾಷನೇಟು. ಗ್ರೇಡೆಲ್ಲ ಅಡ್ಮಿಷನ್ ಆಫೀಸಿನವರ ಮುಂದೆ ಇರುತ್ತೆ, ಎಸ್‌ಎಟಿ ಪರೀಕ್ಷೆನೂ 2022ರಲ್ಲಿ ಮತ್ತೆ ಕಡ್ಡಾಯ ಮಾಡಿದಾರೆ. ನಮಗೆ ಅದ್ಯಾವ್ದೂ ತೋರ್ಸಲ್ಲ, ನಮ್ಮ ಹತ್ರ ಇರೋದು ಆ ಒಂದು ಗಂಟೆ ಅಷ್ಟೇ.

ಹಾಗಾಗಿ ಪ್ರಶ್ನೆ ಕೇಳೋದು ಕಮ್ಮಿ ಮಾಡಿ, "ನನಗೆ ಗೊತ್ತಿಲ್ಲದ್ದು ಏನಾದ್ರೂ ಇಪ್ಪತ್ತು ನಿಮಿಷ ಹೇಳಿಕೊಡು" ಅನ್ನೋಕೆ ಶುರು ಮಾಡ್ದೆ. ಮೊದಲನೇ ವರ್ಷ ಪೂರ್ತಿ ಮಣ್ಣು ಮುಕ್ತು. ಒಂದು ವಾರ ಮುಂಚೆ ಮೇಲಲ್ಲಿ ತಿಳಿಸ್ತಿದ್ದೆ, ಬರೋರೆಲ್ಲ ಲ್ಯಾಪ್‌ಟಾಪ್ ತೆಗೆದು ಮೂವತ್ತು ಮೂವತ್ತು ಸ್ಲೈಡು, ಒಬ್ಬ ತಂದೆ ಅಂತೂ ಮಾರ್ಕ್ಸ್ ಹೆಂಗೆ ಹಾಕ್ತೀರಾ ಸಾರ್ ಅಂತ ಮೇಲ್ ಮಾಡಿದ್ರು. ಮುಂದಿನ ವರ್ಷ ಏನೂ ತಿಳಿಸ್ದೆ ಅಲ್ಲೇ ಕೇಳೋಣ ಅಂತ ಮಾಡ್ದೆ, ಅರ್ಧ ಜನಕ್ಕೆ ಬಾಯೇ ಕಟ್ಟೋಗೋದು, ಒಂದು ಹುಡುಗಿ ಕಣ್ಣಲ್ಲಿ ನೀರು ಬಂತು, ಅವತ್ತೇ ನಿಲ್ಲಿಸ್ಬಿಟ್ಟೆ. ಈಗ ಹಿಂದಿನ ದಿನ ಸಂಜೆ ಮೂರೇ ಸಾಲು ಮೇಲ್ ಮಾಡ್ತೀನಿ. ಸ್ಲೈಡ್ ಬೇಡ. ಕ್ಲಾಸಲ್ಲಿ ಕಲಿತಿದ್ದು ಬೇಡ. ಪ್ರೈಜೋ ಸರ್ಟಿಫಿಕೇಟೋ ಬಂದಿರೋ ವಿಷಯ ಬೇಡವೇ ಬೇಡ. ಈ ಕೊನೇದರಲ್ಲೇ ಇರೋದು ಎಲ್ಲ, ಕನ್ಸಲ್ಟೆಂಟ್ ಕೆತ್ತಿ ಕೊಟ್ಟಿರೋದೆಲ್ಲ ಅಲ್ಲೇ ಉದುರಿ ಹೋಗುತ್ತೆ.

ಗಿಲ್ರಾಯ್ ಕಡೆ ಹುಡುಗ ಒಬ್ಬ ಲೈಬ್ರರಿ ಸ್ಟಡಿ ರೂಮಿಗೆ ಸೈಕಲ್ಲಿನ ಹಿಂದಿನ ಚಕ್ರಾನೇ ಎತ್ಕೊಂಡು ಬಂದ! ಬೆಂಡು ತೆಗೆಯೋದು ಹೇಳಿಕೊಡ್ತೀನಿ ಅಂದ. ರಿಮ್ ಬಲಕ್ಕೆ ವಾಲಿದ್ರೆ ಎಡಗಡೆ ಸ್ಪೋಕ್ ಕಾಲು ಸುತ್ತು ಬಿಗಿ ಮಾಡು, ಜಾಸ್ತಿ ಬೇಡ, ತಿರುಗಿಸಿ ನೋಡು ಅಂತ ಸ್ಪೋಕ್ ಬಿಗಿ ಮಾಡೋ ಕೀ ನನ್ನ ಕೈಗೇ ಕೊಟ್ಟ. ಎಲ್ಲ ಒಂದೇ ಸಮ ಬಿಗಿ ಅಂತ ಹೆಂಗೆ ಗೊತ್ತಾಗುತ್ತೋ ಅಂದೆ, ಬೆರಳಲ್ಲಿ ಸ್ಪೋಕ್ ಮೀಟಿ ತೋರ್ಸಿದ, ಒಂದು ಕಡೆಯವೆಲ್ಲ ಒಂದೇ ಸ್ವರ ಬರ್ಬೇಕು. ಹಾಗಾದ್ರೆ ಗೇರಿರೋ ಕಡೆ ಸ್ವರ ಯಾಕೆ ಮೇಲಿದೆ ಅಂತ ಕೇಳ್ದೆ. ಸುಮ್ನಾದ. ನೋಟ್‌ಬುಕ್ ಇಸ್ಕೊಂಡು ಗೀಚಿದ, ಅಳಿಸಿದ, ಎರಡು ಸಲ ತಪ್ಪು ಹೇಳಿ ತಾನೇ "ಅಲ್ಲ ಅಲ್ಲ" ಅಂದ, ಕೊನೆಗೆ ಆ ಕಡೆ ಸ್ಪೋಕ್ ಹೆಚ್ಚು ನೆಟ್ಟಗೆ ನಿಂತಿವೆ, ರಿಮ್ ನಡುವೆ ಇರ್ಬೇಕಾದ್ರೆ ಅವು ಜಾಸ್ತಿ ಎಳೀಲೇಬೇಕು ಅಂತ ಹಿಡಿದ. ಆ ಐದಾರು ನಿಮಿಷ ಯಾವ ಮಾರ್ಕ್ಸ್ ಕಾರ್ಡಲ್ಲಿ ಸಿಗುತ್ತೆ ಹೇಳಿ. ಅವತ್ತಿನ ರಿಪೋರ್ಟ್ ಒಂದೂವರೆ ಪುಟ, ವಿಶೇಷಣ ಒಂದೂ ಇಲ್ಲ.

ಮಾತು ಕಮ್ಮಿ ಇರೋ ಮಕ್ಕಳಿಗೆ ಇದು ಅನ್ಯಾಯ ಅಂತ ಕೆಲವರು ಅಂತಿದ್ರು. ನಾನು ನೋಡಿದ್ದು ಉಲ್ಟಾ, ಕೈಗೆ ಕೆಲಸ ಸಿಕ್ಕಿದ ತಕ್ಷಣ ಅಂಥವರೇ ಜಾಸ್ತಿ ಮಾತಾಡೋದು. ಏಶಿಯನ್ ಮಕ್ಕಳಿಗೆ ಅಡ್ಮಿಷನಲ್ಲಿ ತಾರತಮ್ಯ ಅಂತ ಹಾಕಿದ್ದ ಹಾರ್ವರ್ಡ್ ಕೇಸು 2018ರಲ್ಲಿ ಬಾಸ್ಟನ್ ಕೋರ್ಟಲ್ಲಿ ನಡೆದಾಗ ಹೊರಗೆ ಬಂತಲ್ಲ, ಎದುರು ಕೂತು ಮಾತಾಡಿಸಿದ ಅಲ್ಯುಮ್ನಿಗಳು ಸ್ವಭಾವಕ್ಕೆ ಅಂತ ಕೊಟ್ಟ ಪರ್ಸನಲ್ ರೇಟಿಂಗಲ್ಲಿ ಏಶಿಯನ್ ಮಕ್ಕಳು ಬಿಳಿಯರ ಹತ್ತತ್ರಾನೇ ಇದ್ರು, ಆಫೀಸಿನವರು ಬರೀ ಫೈಲ್ ನೋಡಿ ಹಾಕಿದ ರೇಟಿಂಗಲ್ಲಿ ಕೆಳಗಿದ್ರು. ನಮ್ಮ ರಿಪೋರ್ಟಲ್ಲಿ ಹುಡುಗ ಕಣ್ಣಿಗೆ ಕಟ್ಟೋ ಹಾಗೆ ಇರ್ಬೇಕು ಅಂತ ನಾನು ಹಠ ಹಿಡಿಯೋದು ಅದಕ್ಕೇ.

ಮಧ್ಯೆ ಇನ್ನೇನೇನೋ ಟ್ರೈ ಮಾಡ್ದೆ. ಜೂಮಲ್ಲಿ ಈ ಮೆಥಡ್ ನಡೆಯಲ್ಲ, ಕಣ್ಣು ಪಕ್ಕದ ಸ್ಕ್ರೀನಿಗೆ ಓಡ್ತಿರುತ್ತೆ, ಈಗ ಚಾಟ್‌ಜಿಪಿಟಿ ಬೇರೆ. ಪಾರ್ಕಲ್ಲಿ ನಡೀತಾ ಮಾತಾಡೋಣ ಅಂತ ಒಂದು ಸೀಸನ್ ಮಾಡ್ದೆ, ಅಪ್ಪ ಅಮ್ಮ ಇಪ್ಪತ್ತು ಅಡಿ ಹಿಂದೆ ಫೋನ್ ನೋಡೋ ಥರ ನಟಿಸ್ಕೊಂಡು ಫಾಲೋ ಮಾಡೋರು, ಬಿಟ್ಟೆ. ಕನ್ನಡ ಕೂಟದಲ್ಲಿ ಪರಿಚಯ ಇರೋರ ಮಕ್ಕಳು ನನ್ನ ಲಿಸ್ಟಲ್ಲಿ ಬಂದ್ರೆ ಬೇರೆಯವರಿಗೆ ಕೊಡಿ ಅಂತ ವಾಪಸ್ ಕಳಿಸ್ತೀನಿ, ಅದರಿಂದ ಗಣೇಶನ ಹಬ್ಬದಲ್ಲಿ ಇಬ್ಬರು ಮೂವರು ನನ್ನ ಜೊತೆ ಮಾತು ಬಿಟ್ಟಿದಾರೆ, ಇರ್ಲಿ.

ಪಾಠ ಶುರುವಾಗಿ ಹನ್ನೆರಡು ನಿಮಿಷ ಆದ್ಮೇಲೆ ನಾನೊಂದು ಪೆದ್ದು ಪ್ರಶ್ನೆ ಕೇಳ್ತೀನಿ, ಎಲ್ರಿಗೂ ಅದೇ. ಅದೇನು ಅಂತ ಹೇಳಲ್ಲ, ಹೇಳಿದ್ರೆ ಮುಂದಿನ ವಾರ ಕನ್ಸಲ್ಟೆಂಟ್ ನೋಟ್ಸಲ್ಲಿರುತ್ತೆ.

ಎಷ್ಟು ಜನಕ್ಕೆ ಸೀಟ್ ಸಿಕ್ತು ಅಂತ ಕೇಳ್ತೀರಾ, ಇಷ್ಟು ವರ್ಷದಲ್ಲಿ ಐದಾರು ಇರ್ಬಹುದು, ನೂರಕ್ಕೆ ನಾಲ್ಕೈದು ಜನನ್ನ ತಗೊಳ್ಳೋ ಕಡೆ ಅದು ಮಾಮೂಲಿ ಲೆಕ್ಕಾನೇ. ಮಾರ್ಚ್ 14, ನಮ್ಮ ಕಡೆ ಮಧ್ಯಾಹ್ನ 3:28ಕ್ಕೆ ರಿಸಲ್ಟ್ ಬರುತ್ತಲ್ಲ, ಸಿಗದೇ ಇರೋ ಮಕ್ಕಳೂ ಈಗ ಮೇಲ್ ಮಾಡ್ತಾರೆ, ಮುಂಚೆ ಯಾರೂ ಮಾಡ್ತಿರ್ಲಿಲ್ಲ. ಇ.ಸಿ.ಗಳ ಕೋಆರ್ಡಿನೇಟರ್ರು ಹೊಸಬರಿಗೆ ಸ್ವಲ್ಪ ಹೇಳಿಕೊಡಿ ಅಂತ ನನ್ನನ್ನೇ ಕರೀತಾರೆ.

ಇನ್ನು ದುಡ್ಡು. ಇದು ಪುಕ್ಕಟೆ ಕೆಲಸ, ಆದ್ರೂ ಮುಂಚೆ ಕಾಫಿ ಶಾಪಲ್ಲಿ ಇಂಟರ್‌ವ್ಯೂ ಮಾಡ್ತಿದ್ದ ಕಾಲದಲ್ಲಿ ಸೀಸನ್ನಿಗೆ ಪೆಟ್ರೋಲು, ಪಾರ್ಕಿಂಗು, ಕಾಫಿ ಸೇರಿ ಮುನ್ನೂರು ಡಾಲರ್ ಹತ್ರ ಕೈಯಿಂದ ಹೋಗೋದು. ಲೈಬ್ರರಿ ರೂಮ್ ಫ್ರೀ, ಈಗ ಅದರ ಅರ್ಧನೂ ಆಗಲ್ಲ. ಮೈಸೂರ್ ಪಾಕ್ ಡಬ್ಬ, ಗಿಫ್ಟ್ ಕಾರ್ಡ್ ಕೊಡೋಕೆ ಬರ್ತಾರೆ, ಮುಟ್ಟಬೇಡಿ. ಟ್ಯಾಕ್ಸಲ್ಲಿ ವಾಲಂಟಿಯರ್ ಡ್ರೈವಿಂಗಿಗೆ ಮೈಲಿಗೆ 14 ಸೆಂಟ್ ಹಾಕ್ಕೋಬಹುದು, ಅದೂ 2025ರಲ್ಲಿ ಐಟಮೈಸ್ ಮಾಡೋರಿಗೆ (ಡಿಡಕ್ಷನ್ ಒಂದೊಂದಾಗಿ ಪಟ್ಟಿ ಮಾಡಿ ತೋರ್ಸೋರಿಗೆ) ಮಾತ್ರ ಇತ್ತು. ಆಫೀಸ್ ಕೆಲಸದ ಓಡಾಟಕ್ಕೆ 2025ರಲ್ಲಿ 70 ಸೆಂಟ್ ಇತ್ತು, ವಾಲಂಟಿಯರ್ ರೇಟು ಮಾತ್ರ ತೊಂಬತ್ತರ ದಶಕದಿಂದ ಅಲ್ಲೇ ನಿಂತಿದೆ. ಪಾರ್ಕಿಂಗ್ ರಸೀದಿ ಬೇರೆಯಾಗಿ ಸೇರುತ್ತೆ, ಬಿಸಾಕ್ಬೇಡಿ.