ಎಡಗೈ ಮಗುವಿಗೆ ಮಾತು ತಡವಾದರೆ ಏನು ಮಾಡಬೇಕು

ಮಗು ಎಡಗೈಯಲ್ಲಿ ಬಳಪ ಹಿಡಿದರೆ ಮಾತು ತಡ ಆಗುತ್ತದೆ, ಕೈ ತಿದ್ದಿದರೆ ಮಾತು ಬರುತ್ತದೆ ಅಂತ ನಮ್ಮ ಚಿಂತಾಮಣಿ ಕಡೆ ಇವತ್ತಿಗೂ ಹೇಳುವವರಿದ್ದಾರೆ. ನಾನು ಇಲ್ಲಿ ಅಂಗನವಾಡಿ ಟೀಚರ್. ತೂಕ ನೋಡಿಸಲು ಬರುವ ಅಮ್ಮಂದಿರೂ ಅಜ್ಜಿಯರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಒಂದೇ: ಕೈಯನ್ನು ಅದರ ಪಾಡಿಗೆ ಬಿಡಿ, ಮಾತಿನ ಕಡೆ ಗಮನ ಕೊಡಿ.

ಕೈಗೂ ಮಾತಿಗೂ ನಂಟೇ ಇಲ್ಲ ಅಂತಲ್ಲ. ಬಲಗೈಯನ್ನು ನಡೆಸುವುದು ಮಿದುಳಿನ ಎಡಭಾಗ. ಹೆಚ್ಚಿನವರಲ್ಲಿ ಮಾತಿನ ಕೆಲಸವೂ ಅಲ್ಲೇ ನಡೆಯುತ್ತದೆ. 1861ರಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, ಮಾತು ನಿಂತುಹೋಗಿದ್ದ ರೋಗಿಯೊಬ್ಬ ತೀರಿಕೊಂಡ ಮೇಲೆ ಅವನ ಮಿದುಳನ್ನು ನೋಡಿ, ಎಡಭಾಗದ ಮುಂದುಗಡೆ ಹಾನಿಯಾಗಿದ್ದನ್ನು ತೋರಿಸಿದರು. ಆದರೆ ಎಡಗೈಯವರಲ್ಲೂ 10ರಲ್ಲಿ ಸುಮಾರು 7 ಜನರಿಗೆ ಮಾತು ಎಡಭಾಗದಲ್ಲೇ ಇರುತ್ತದೆ. ಉಳಿದವರಿಗೆ ಬಲಗಡೆಯೋ ಎರಡೂ ಕಡೆಯೋ ಇರುತ್ತದೆ, ಅವರೂ ಚೆನ್ನಾಗೇ ಮಾತಾಡುತ್ತಾರೆ.

ಮಗುವಿನ ಕೈ ಯಾವುದು ಅಂತ ತಿಳಿಯಲು ಅವರೆಕಾಯಿ ಕಾಲ ಒಳ್ಳೆಯದು. ಮೂರು ವರ್ಷ ದಾಟಿದ ಮಗುವನ್ನು ಎದುರಿಗೆ ಕೂರಿಸಿಕೊಂಡು ಕಾಯಿಯನ್ನು ಸರಿಯಾಗಿ ನಡುವೆ ಇಡಿ. ಒಂದು ಕೈ ಸುಮ್ನೆ ಕಾಯಿ ಹಿಡಿದಿರುತ್ತದೆ. ಇನ್ನೊಂದರ ಹೆಬ್ಬೆರಳು ಸಿಪ್ಪೆಯ ಅಂಚು ಸೀಳಿ ಕಾಳನ್ನು ಹೊರಗೆ ತಳ್ಳುತ್ತದೆ. ಆ ಕೆಲಸ ಮಾಡುವ ಕೈಯೇ ಮಗುವಿನ ಕೈ. ಪಕ್ಕದಲ್ಲೇ ಇರಿ, ಕಾಳು ಬಾಯಿಗೋ ಮೂಗಿಗೋ ಹೋಗಬಾರದು. ಇವತ್ತು ಎಡ, ನಾಳೆ ಬಲ ಆದರೂ ಗಾಬರಿ ಬೇಡ. ಕೆಲವರಿಗೆ ನಾಲ್ಕು ವರ್ಷದ ತನಕವೂ ಕೈ ನಿಲ್ಲುವುದಿಲ್ಲ.

ಒಂದೂವರೆ ವರ್ಷಕ್ಕೆ ಮೊದಲೇ ಒಂದೇ ಕೈ ಬಳಸಿ, ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ. ಬಳಸುವುದು ಬಲಗೈ ಆದರೂ ಸರಿ. ಬಳಸದ ಕೈಯಲ್ಲಿ ಶಕ್ತಿ ಕಡಿಮೆ ಇರಬಹುದು.

ಇನ್ನು ಮಾತು. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು. ಒಂದೂವರೆಗೆ ಕೆಲವು ಪದಗಳಾದರೂ ಬೇಕು. ಎರಡಕ್ಕೆ 'ಅಮ್ಮ ಬಾ' ಅನ್ನುವಂತೆ ಎರಡು ಪದ ಜೋಡಿಸಬೇಕು. ನಮ್ಮ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅಲ್ವಾ? ಎರಡರ ಪದಗಳನ್ನೂ ಸೇರಿಸಿ ಎಣಿಸಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ, ಮನೆ ಭಾಷೆಯನ್ನು ನಿಲ್ಲಿಸಬೇಡಿ.

ತಡ ಅನ್ನಿಸಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಹಿಂದಿನಿಂದ ತಟ್ಟೆ ಬಡಿದು ನೋಡಿದರೆ ಸಾಲದು. ಬಜೆ ತೇದು ನಾಲಿಗೆಗೆ ಸವರುತ್ತಾ ತಿಂಗಳುಗಟ್ಟಲೆ ಕಾಯಬೇಡಿ. ಆ ತಿಂಗಳುಗಳು ಮಗುವಿಗೆ ಬಹಳ ಮುಖ್ಯ.

ಉಗ್ಗಿನ ವಿಚಾರಕ್ಕೆ ಬಂದರೆ, ಎಡಗೈಯನ್ನು ಬಲವಂತವಾಗಿ ಬದಲಿಸಿದರೆ ಉಗ್ಗು ಬರುತ್ತದೆ ಅಂತ 1930ರ ಸುಮಾರಿಗೆ ಅಮೆರಿಕದ ಐಯೊವಾದಲ್ಲಿ ಸ್ಯಾಮ್ಯುಯೆಲ್ ಆರ್ಟನ್, ಲೀ ಟ್ರಾವಿಸ್ ಅನ್ನುವ ಸಂಶೋಧಕರು ಹೇಳಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಆದರೂ ಕೈಗೆ ಹೊಡೆದು ತಿದ್ದಬೇಡಿ. ಹೆದರಿದ ಮಗು ಬಾಯಿ ಬಿಡುವುದೇ ಕಷ್ಟ. ಪ್ರಸಾದಕ್ಕೆ ಎಡಗೈ ಚಾಚಿತು ಅಂತ ಹಿರಿಯರು ಬೇಸರ ಮಾಡಿಕೊಂಡರೆ, ಎರಡೂ ಕೈ ಸೇರಿಸಿ ಹಿಡಿಯಲು ಕಲಿಸಿ. ನನ್ನ ಕೇಂದ್ರದಲ್ಲಿ ಹೀಗೇ ಕಲಿಸುತ್ತೇನೆ, ಯಾವ ಅಜ್ಜಿಯೂ ಬೇಡ ಅಂದಿಲ್ಲ.

ಕಾಳು ಬಿಡಿಸುವಾಗ ಮಾತಾಡುತ್ತಾ ಇರಿ: 'ಸಿಪ್ಪೆ ಇಲ್ಲಿ, ಕಾಳು ಅಲ್ಲಿ'. ಏನಾದರೂ ಕೇಳಿದ ಮೇಲೆ ಸುಮ್ಮನಿದ್ದು ಕಾಯಿರಿ, ಉತ್ತರವನ್ನು ನೀವೇ ಹೇಳಿಬಿಡಬೇಡಿ.

ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡದ ಡಾಕ್ಟರು ಅಂಗನವಾಡಿಗೆ ಬಂದಾಗ ಮಗುವನ್ನು ತಪ್ಪದೆ ಕರೆತನ್ನಿ. ಅವರು ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗೆ, ಮಗು ಆಡುವ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತೆಲುಗು ಪದಗಳನ್ನೂ ಬರೆಯಿರಿ.