ಮೊದಲು ಅಳೆಯಬೇಕಿತ್ತು, ನಾನು ಮೊದಲು ಉಜ್ಜಿದೆ

ಅಕೌಸ್ಟಿಕ್ ಗಿಟಾರ್ ತಗೊಂಡು ಒಂದು ವರ್ಷವಾದರೂ ನನಗೆ ಎಫ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತಬೇಕಾದ ಸ್ವರಗುಚ್ಛ) ಬರುತ್ತಿರಲಿಲ್ಲ. ಬೆರಳು ಉರಿಯುತ್ತಿತ್ತು, ಎರಡು ತಂತಿ ಮೂಗರಂತೆ ಸುಮ್ಮನಿರುತ್ತಿದ್ದವು. ಅಭ್ಯಾಸ ಸಾಲದು ಅಂತ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಒಂದು ದಿನ ಗೆಳೆಯನೊಬ್ಬ ಅದನ್ನು ಎತ್ತಿಕೊಂಡು ನಾಲ್ಕು ಸಲ ಮೀಟಿ, "ಇದರ ತಂತಿ ಇಷ್ಟು ಮೇಲಿದೆಯಲ್ಲೋ, ನುಡಿಸ್ತೀಯಾ ಹೇಗೆ?" ಅಂದ.

ಸ್ಕೇಲ್ ಇಟ್ಟು ನೋಡಿದೆ. 12ನೇ ಫ್ರೆಟ್ಟಿನ (ಬೆರಳೊತ್ತುವ ಕಡೆ ಅಡ್ಡಲಾಗಿರುವ ಲೋಹದ ಗೆರೆ) ಮೇಲೆ ದಪ್ಪ ಇ ತಂತಿ 3.6 ಮಿ.ಮೀ. ಎತ್ತರದಲ್ಲಿತ್ತು. ಅಕೌಸ್ಟಿಕ್‌ನಲ್ಲಿ ಇದು ಸುಮಾರು 2.4, ಸಣ್ಣ ಇ ತಂತಿ ಸುಮಾರು 1.8 ಇದ್ದರೆ ಕೈಗೆ ಹಿತ. ಈ ಎತ್ತರವನ್ನೇ ಆಕ್ಷನ್ ಅನ್ನುವುದು.

ಅದನ್ನು ತಗ್ಗಿಸಲು ಬ್ರಿಡ್ಜ್ (ದೇಹದ ಮೇಲೆ ತಂತಿ ಕಟ್ಟುವ ಮರದ ತುಂಡು) ಮೇಲಿನ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲ್ಲನ್ನು, ಅಡಿಯಿಂದ ಉಜ್ಜಬೇಕು ಅಂತ ತಿಳಿದಿತ್ತು. ಲೆಕ್ಕವೂ ಗೊತ್ತಿತ್ತು. 12ನೇ ಫ್ರೆಟ್ ತಂತಿಯ ಸರಿಮಧ್ಯದಲ್ಲಿರುತ್ತದೆ. ಅಲ್ಲಿ 1 ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ಹೋಗಬೇಕು. ಹಾಗಾಗಿ ಸ್ಯಾಂಡ್ ಪೇಪರನ್ನು ಗಾಜಿನ ಮೇಲೆ ಅಂಟಿಸಿ, ಒಂದು ಮಧ್ಯಾಹ್ನ ಪೂರ್ತಿ ಕೂತು 2.4 ಮಿ.ಮೀ. ತೆಗೆದೆ. ಸ್ಯಾಡಲ್ ಬ್ರಿಡ್ಜ್‌ನಿಂದ ಇಣುಕಿ ನೋಡುವಷ್ಟೇ ಉಳಿಯಿತು. ಲೆಕ್ಕ ಸರಿಯಿತ್ತು. ಕೆಲಸದ ಸರದಿಯೇ ತಪ್ಪಿತ್ತು.

ಅಸಲಿ ರೋಗ ಗಿಟಾರಿನ ಉದ್ದನೆಯ ಕತ್ತಿನಲ್ಲಿ, ಅಂದರೆ ನೆಕ್‌ನಲ್ಲಿತ್ತು. ಸ್ಟೀಲ್ ತಂತಿಗಳು ಆರೂ ಸೇರಿ ಹತ್ತಿರ ಹತ್ತಿರ 70 ಕೆ.ಜಿ. ಎಳೆತ ಹಾಕುತ್ತವೆ. ಆ ಎಳೆತಕ್ಕೆ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗುತ್ತದೆ. ಅದನ್ನು ಹಿಂದಕ್ಕೆ ಹಿಡಿಯಲು ಒಳಗೆ ಟ್ರಸ್ ರಾಡ್ ಎಂಬ ಲೋಹದ ಸರಳು ಇರುತ್ತದೆ. ನೋಡುವ ಬಗೆ ಸುಲಭ. 1ನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ದೇಹಕ್ಕೆ ಸೇರುವ 14ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿಯಬೇಕು. ಆಗ ಆ ತಂತಿಯೇ ನೇರ ಪಟ್ಟಿಯಾಗುತ್ತದೆ. 7ನೇ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ 0.2 ಮಿ.ಮೀ. ಆಸುಪಾಸು ಜಾಗ ಇರಬೇಕು. ಗಾಡಿ ರಿಪೇರಿಯವರ ಹತ್ತಿರ ಇರುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ ನೋಡಿದೆ. 0.6ರ ಎಲೆ ಆರಾಮಾಗಿ ಹೋಯಿತು!

ಇದು ತಿಳಿದದ್ದು ಉಜ್ಜಿ ಮುಗಿದ ಮೇಲೆ. ನಂತರ ಟ್ರಸ್ ರಾಡ್ ಬಿಗಿ ಮಾಡಿದೆ. ಬಲಕ್ಕೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತದೆ, ಎಡಕ್ಕೆ ತಿರುಗಿಸಿದರೆ ಬಾಗಲು ಬಿಡುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಬೇಕು. ಅಲೆನ್ ಕೀ ಸರಿಯಾಗಿ ಕೂರದಿದ್ದರೆ ಅಥವಾ ರಾಡಿನ ನಟ್ ಅಲುಗದೇ ಇದ್ದರೆ ಅಲ್ಲೇ ನಿಲ್ಲಿಸಬೇಕು. ರಾಡ್ ತುಂಡಾದರೆ ಅದು ಮನೆಯಲ್ಲಿ ಆಗುವ ರಿಪೇರಿ ಅಲ್ಲ. ಅಂದಹಾಗೆ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರುಗಳಲ್ಲಿ ಸಾಮಾನ್ಯವಾಗಿ ಈ ರಾಡೇ ಇರುವುದಿಲ್ಲ, ಹುಡುಕಬೇಡಿ.

ನೆಕ್ ನೆಟ್ಟಗಾಯಿತು, ತಂತಿಗಳು ಇನ್ನಷ್ಟು ಕೆಳಗಿಳಿದವು. ಎಲ್ಲಿ ಒತ್ತಿದರೂ ಜಿರ್ರ್. ಸೊಳ್ಳೆ ಸಿಕ್ಕಿಹಾಕಿಕೊಂಡ ಹಾಗೆ. ಬೇರೆ ದಾರಿಯಿಲ್ಲದೆ ಮೂಳೆಯ ಹೊಸ ಸ್ಯಾಡಲ್ ತಂದು, ಈ ಸಲ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ತಂತಿ ಹಾಕಿ ನೋಡಿದೆ. ತಂತಿ ಹಾಕುವುದು, ಬಿಚ್ಚುವುದು, ಹಾಕುವುದು. ಕೈ ಪಳಗಿದ್ದು ಅಲ್ಲೇ.

ತಂತಿ ಹಾಕುವಾಗ ನನಗೆ ಬ್ರಿಡ್ಜ್ ಪಿನ್ (ತಂತಿಯ ತುದಿಯನ್ನು ಬ್ರಿಡ್ಜಿನಲ್ಲಿ ಹಿಡಿದಿಡುವ ಚಿಕ್ಕ ಗೂಟ) ಪಟ್ಟನೆ ಹಾರಿಬರುತ್ತಿತ್ತು. ಪಿನ್ನನ್ನು ಬಲವಾಗಿ ಗುದ್ದಿ ಕೂರಿಸುತ್ತಿದ್ದೆ. ತಪ್ಪು ಬೇರೆ ಕಡೆ ಇತ್ತು. ತಂತಿಯ ತುದಿಯ ಗುಂಡು ಪಿನ್ನಿನ ಅಡಿಗೆ ಸಿಕ್ಕಿಕೊಂಡಿದ್ದರೆ ತಂತಿ ಎಳೆದಾಗ ಪಿನ್ನೂ ಮೇಲೆ ಬರುತ್ತದೆ. ಪಿನ್ನನ್ನು ಹಗುರವಾಗಿ ಒತ್ತಿ, ತಂತಿಯನ್ನು ಸ್ವಲ್ಪ ಮೇಲಕ್ಕೆಳೆದರೆ ಗುಂಡು ಪಕ್ಕಕ್ಕೆ ಸರಿದು ಒಳಗಿನ ಮರದ ಹಲಗೆಗೆ ತಾಗಿ ನಿಲ್ಲುತ್ತದೆ. ತಂತಿ ಬಿಗಿಸುವ ಪೆಗ್ಗಿಗೆ ಎರಡು ಮೂರು ಸುತ್ತು ಸಾಕು, ಒಂದರ ಮೇಲೊಂದು ಏರಬಾರದು.

ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯ (ಅದಕ್ಕೂ ನಟ್ ಅಂತಲೇ ಹೆಸರು, ಗೊಂದಲ ಬೇಡ) ಕಚ್ಚುಗಳನ್ನು ನಾನು ಮುಟ್ಟಲಿಲ್ಲ. 3ನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದಾಗ 1ನೇ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟು ಜಾಗ ಇರಬೇಕು. ನನ್ನದರಲ್ಲಿ ಜಾಸ್ತಿಯೇ ಇತ್ತು. ಆದರೆ ಕಚ್ಚು ಒಮ್ಮೆ ಆಳವಾದರೆ ಖಾಲಿ ತಂತಿಯೇ ಜಿರ್ರ್ ಅನ್ನುತ್ತದೆ, ಅದಕ್ಕೆ ಬೇಕಾದ ತೆಳು ಅರಗಳೂ ನನ್ನ ಹತ್ತಿರ ಇಲ್ಲ. ಸ್ಯಾಡಲ್ ಪಾಠ ನೆನಪಿತ್ತು. ಗೊತ್ತಿರುವವರ ಕೈಗೆ ಕೊಟ್ಟೆ. ಶ್ರುತಿ ಮಾಡುವಾಗ ಜಿ ತಂತಿ ಟಿಕ್ ಅಂತ ಜಿಗಿಯುತ್ತಿದ್ದದ್ದಕ್ಕೆ ಮಾತ್ರ ನಾನೇ ಆ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿದೆ. ಜಿಗಿತ ನಿಂತಿತು.

ಕೊನೆಗೆ ಇಂಟೊನೇಶನ್, ಅಂದರೆ ಎಲ್ಲಿ ಒತ್ತಿದರೂ ಸ್ವರ ಶ್ರುತಿಯಲ್ಲಿದೆಯೇ ಅನ್ನುವುದು. 12ನೇ ಫ್ರೆಟ್ಟಿನ ಹಾರ್ಮೋನಿಕ್ಕೂ (ತಂತಿಯನ್ನು ಒತ್ತದೆ ಬರೀ ತಾಗಿಸಿ ಮೀಟಿದಾಗ ಬರುವ ಸ್ವರ) ಅಲ್ಲೇ ಒತ್ತಿ ನುಡಿಸಿದ ಸ್ವರವೂ ಟ್ಯೂನರಿನಲ್ಲಿ ಒಂದೇ ತೋರಿಸಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಹೋಗಬೇಕು, ಇಳಿದಿದ್ದರೆ ಮುಂದಕ್ಕೆ. ಎಲೆಕ್ಟ್ರಿಕ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ತಂತಿಗೂ ಬೇರೆ ಸ್ಕ್ರೂ ಇರುವುದರಿಂದ ಐದು ನಿಮಿಷದ ಕೆಲಸ. ಅಕೌಸ್ಟಿಕ್‌ನಲ್ಲಿ ಸ್ಯಾಡಲ್‌ನ ತುದಿಯನ್ನು ಅತ್ತಿತ್ತ ಅರದಿಂದ ಉಜ್ಜುವುದಷ್ಟೇ ಸಾಧ್ಯ. ನಾನು ಹಾಗೇ ಬಿಟ್ಟೆ. ಹಳೇ ತಂತಿ ಇಟ್ಟುಕೊಂಡು ಮಾತ್ರ ಇದನ್ನು ನೋಡಲು ಹೋಗಬೇಡಿ, ಸವೆದ ತಂತಿ ಸುಳ್ಳು ಹೇಳುತ್ತದೆ.

ಈಗ ಗಿಟಾರ್ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ಪುಸ್ತಕ ಇದೆ. ಹವೆ ಬದಲಾದಾಗೆಲ್ಲ ಎರಡು ಅಳತೆ ಬರೆಯುತ್ತೇನೆ. ತೇವ ಏರಿದರೆ ಮುಂಭಾಗದ ಹಲಗೆ ಉಬ್ಬಿ ತಂತಿ ಮೇಲೇರುತ್ತದೆ, ಒಣಗಿದರೆ ಕುಸಿಯುತ್ತದೆ. ಕೋಣೆಯ ತೇವ 45ರಿಂದ 55 ಶೇಕಡಾ ಇದ್ದರೆ ಸಾಮಾನ್ಯವಾಗಿ ಏನೂ ಮುಟ್ಟಬೇಕಾಗಿ ಬರುವುದಿಲ್ಲ.

ಎಫ್ ಕಾರ್ಡ್ ಈಗಲೂ ಐದು ಸಲಕ್ಕೆ ಒಮ್ಮೆ ತಪ್ಪುತ್ತದೆ. ಅದು ನನ್ನ ಬೆರಳಿನದೇ ತಪ್ಪು. ಅಳೆದು ನೋಡಿದ್ದೇನೆ.