ರಂಜಕದ ಕಬ್ಬಿಣದಿಂದಲೇ ವೈಕಿಂಗ್ ಅಲಗು: ನನ್ನ ಅನುಭವ

ರಂಜಕ ಬೆರೆತ ಕಬ್ಬಿಣವು ತಣ್ಣಗಾದ ಮೇಲೆ ಗಾಜಿನಂತೆ ಒಡೆಯುತ್ತದೆ, ಅದರಿಂದ ಕತ್ತಿ ಮಾಡಲಾಗದು ಎಂದು ನಾನಿರುವ ಸ್ವೀಡನ್ನಿನ ಹವ್ಯಾಸಿ ಕಮ್ಮಾರರಲ್ಲಿ ಬಹಳ ಮಂದಿ ಹೇಳುತ್ತಿದ್ದರು. ಪದರ ಪದರವಾಗಿ ಬೆಸೆದ ಸರಳುಗಳನ್ನು ಹಗ್ಗದಂತೆ ತಿರುಚಿ ಮಾಡುವ, ಹುರಿ ಹೊಸೆದ ಅಲಗಿಗೆ ಈಗ ಬಹುತೇಕರು ನಿಕ್ಕಲ್ ಬೆರೆತ ಉಕ್ಕನ್ನೇ ಬಳಸುತ್ತಾರೆ. ಆದರೆ ವೈಕಿಂಗ್ ಕಾಲದ ಅಂಥ ಅನೇಕ ಅಲಗುಗಳಲ್ಲಿ ಬೆಳ್ಳಗೆ ಹೊಳೆಯುವ ಪಟ್ಟೆ ರಂಜಕದ ಕಬ್ಬಿಣದ್ದು. ನನಗೆ ಬೇಕಾಗಿದ್ದದ್ದೂ ಅದೇ.

ದಕ್ಷಿಣ ಸ್ವೀಡನ್ನಿನ ಸ್ಮೋಲಾಂಡಿನ ಕೆರೆಗಳ ತಳದ ಅದಿರಿನಲ್ಲಿ ರಂಜಕ ಧಾರಾಳವಾಗಿದೆ. ಎದೆಯೆತ್ತರದ ಮಣ್ಣಿನ ಕುಲುಮೆಯಲ್ಲಿ ಇಪ್ಪತ್ತೈದು ಕಿಲೋದಷ್ಟು ಅದಿರು ಸುರಿದರೆ ಐದಾರು ಕಿಲೋ ಕಬ್ಬಿಣದ ಮುದ್ದೆ ಸಿಗುತ್ತಿತ್ತು. ಕಿಟ್ಟವೆಲ್ಲ ಹೋಗುವಂತೆ ಬಡಿದಾಗ ಅದರಲ್ಲಿ ಅರ್ಧವೂ ಉಳಿಯುತ್ತಿರಲಿಲ್ಲ. ಇದ್ದಿಲಿಗೇ ಹೆಚ್ಚು ಹಣ ಹೋಯಿತು. ಎಲ್ಲ ಸೇರಿ ಹನ್ನೆರಡು ಸಾವಿರ ಕ್ರೋನ ದಾಟಿರಬೇಕು. ಮುದ್ದೆಯ ಎಲ್ಲ ಭಾಗವೂ ಒಂದೇ ಬಗೆಯದಲ್ಲವಾದ್ದರಿಂದ ಸಣ್ಣ ತುಂಡುಗಳನ್ನು ತಣ್ಣಗಿರುವಾಗಲೇ ಮುರಿದು ನೋಡುತ್ತಿದ್ದೆ: ಮುರಿದ ಮುಖದಲ್ಲಿ ದಪ್ಪ ಹರಳುಗಳು ಮಿನುಗಿದರೆ ಅದು ರಂಜಕದ್ದು.

ರಂಜಕದ ಪಟ್ಟಿ, ಮೆದು ಕಬ್ಬಿಣದ ಪಟ್ಟಿಗಳನ್ನು ಒಂದರ ಮೇಲೊಂದರಂತೆ ಏಳು ಪದರ ಬೆಸೆದು, ಎಂಟೊಂಬತ್ತು ಮಿಲಿಮೀಟರ್ ಚೌಕದ ಸರಳುಗಳಾಗಿ ಎಳೆದೆ. ಮೊದಮೊದಲ ಸರಳುಗಳು ಹುರಿ ಹಾಕುವಾಗ ಬೆಸುಗೆಯ ಗೆರೆಯಲ್ಲೇ ಬಾಯಿ ಬಿಟ್ಟವು. ಸಂದೇಹಿಗಳು ರಂಜಕವನ್ನು ದೂರಿದರು, ದೂರಬೇಕಾದದ್ದು ಶಾಖವನ್ನು. ಈ ಕಬ್ಬಿಣ ಹಳದಿ ಬಿಳುಪಿನ ಶಾಖದಲ್ಲಿ ಬೆಣ್ಣೆಯಷ್ಟು ಮೆದು, ಮಂಕು ಕೆಂಪಿಗಿಳಿದ ಮೇಲೆ ಸುತ್ತಿಗೆ ಬಿದ್ದರೆ ಸಹಿಸುವುದಿಲ್ಲ. ಅಂದಿನಿಂದ ಅರ್ಧ ಗೇಣಿನಷ್ಟೇ ಉದ್ದವನ್ನು ಕಾಯಿಸಿ ತಿರುವುತ್ತಾ ಹೋದೆ. ಸರಳಿನ ಎರಡೂ ತುದಿಗಳಿಗೆ ಮೊದಲು ಏನು ಮಾಡಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬಿಟ್ಟುಕೊಡುವುದಿಲ್ಲ.

ಎಡ, ಬಲ, ಎಡ ಎಂದು ಹುರಿಯಿಟ್ಟ ಮೂರು ಸರಳುಗಳ ಸುತ್ತ ಶೇ. 0.6ರಿಂದ 0.7 ಇಂಗಾಲದ ಉಕ್ಕನ್ನು ಅಂಚಿಗೆ ಬೆಸೆದೆ. ರಂಜಕವು ಇಂಗಾಲವನ್ನು ಹತ್ತಿರ ಸೇರಿಸದ ಕಾರಣ ಪಟ್ಟೆಗಳ ಗಡಿ ಕಲಸಿಹೋಗಲಿಲ್ಲ. ಅಲಗಿನ ನಡುವೆ ಉದ್ದಕ್ಕೂ ಇರುವ ತಗ್ಗನ್ನು ಉಜ್ಜುತ್ತಾ ಆಳಕ್ಕಿಳಿದಂತೆ, ಮೇಲೆ ಓರೆ ಗೆರೆಗಳಾಗಿದ್ದ ಚಿತ್ತಾರ ಬಾಗಿ ಬಳಸಿ ಅರ್ಧಚಂದ್ರಗಳಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೆ ಬಿಟ್ಟ ವಿಷಯ.

ಅತ್ಯಂತ ದುಬಾರಿ ಪಾಠ ಹದ ಹಾಕುವುದರಲ್ಲಿತ್ತು. ನೀರಿಗೆ ಅದ್ದಿದ ಅಲಗಿನ ಅಂಚು ಬೆಸುಗೆಯ ಗುಂಟ ಸೀಳಿತು. ಒಂದು ಚಳಿಗಾಲದ ದುಡಿಮೆ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಬೆಚ್ಚಗಿನ ಸಾಸಿವೆ ಜಾತಿಯ ಎಣ್ಣೆಗೆ ಇಳಿಸಿ, ಬಿಸಿಯಿರುವಾಗಲೇ ಓರೆ ತಿದ್ದಿ, ನೇರಳೆ ನೀಲಿಗೆ ತಿರುಗುವವರೆಗೆ ಮತ್ತೆ ಕಾಯಿಸಿದೆ. ಸಂದೇಹಿಗಳ ಎದುರಿಗೇ ಇಕ್ಕಳಕ್ಕೆ ಸಿಕ್ಕಿಸಿ ಇಪ್ಪತ್ತು ಡಿಗ್ರಿಯಷ್ಟು ಬಗ್ಗಿಸಿದಾಗ ಕೊಂಚ ಓರೆ ಉಳಿಯಿತೇ ಹೊರತು ಬಿರುಕು ಬಿಡಲಿಲ್ಲ. ಆ ಮೇಲೆ ಅದಿರು ಎಲ್ಲಿಯದು ಎಂದು ಕೇಳತೊಡಗಿದರು.

ಉಳಿದ ತುಂಡುಗಳಲ್ಲಿ ಉಲ್ಫ್‌ಬೆರ್ಟ್ ಎಂಬ ಹೆಸರು ಹೊತ್ತ ವೈಕಿಂಗ್ ಕಾಲದ ಕತ್ತಿಗಳಲ್ಲಿರುವಂತೆ ಅಕ್ಷರ ಕೂರಿಸಲು ನೋಡಿದೆ. ಆ ಹೆಸರಿನ ಸುಮಾರು 170 ಕತ್ತಿಗಳು ಯುರೋಪಿನಲ್ಲಿ ಸಿಕ್ಕಿವೆ. ಉಳಿಯಿಂದ ತೋಡು ಕೊರೆದು ಹುರಿತಂತಿ ಇಟ್ಟು ಬೆಸೆಯಬೇಕು. ಸುತ್ತಿಗೆ ಬಿದ್ದೊಡನೆ ತಂತಿ ಪಕ್ಕಕ್ಕೆ ಸರಿಯುತ್ತದೆ. ಹೆಸರಿನ ಆದಿಯ ಶಿಲುಬೆ ಸರಿಯಾಗಿ ಕೂತಿದೆ, ಕೊನೆಯಕ್ಷರದ ಮುಂಚಿನ ಶಿಲುಬೆ ಇನ್ನೂ ಸೊಟ್ಟಗಿದೆ.